ತಲೆಗೆ ಮಂಕು ಕವಿದಿರುವಾಗ ಬೇಜಾರಿನ ಕೆಲಸಕ್ಕೆ ಸೇರುವುದು ಹೇಗೆ?

“ಡಿಪ್ರೆಶನ್ ಇದೆ. ತುಂಬ ದಿನ ಮನೆಯಲ್ಲೇ ಇದ್ದೆ. ಈಗ ಒಂದು ಡೇಟಾ ಎಂಟ್ರಿ ಕೆಲಸ ಸಿಕ್ಕಿದೆ. ಕೆಲಸ ಸುಲಭವೇ, ಆದರೆ ತಲೆ ಓಡ್ತಿಲ್ಲ. ಹೇಳಿಕೊಟ್ಟಿದ್ದು ಹತ್ತು ನಿಮಿಷಕ್ಕೆ ಮರೆತುಹೋಗುತ್ತದೆ. ಬಿಟ್ಟುಬಿಡಲಾ?”

ಈ ಪ್ರಶ್ನೆ ಓದುಗರಿಂದ ಮತ್ತೆ ಮತ್ತೆ ಬರುತ್ತಿದೆ. ಒಬ್ಬರದು ಇನ್ಶೂರೆನ್ಸ್ ಕ್ಲೇಮ್ ಟೈಪ್ ಮಾಡುವ ಕೆಲಸ, ಇನ್ನೊಬ್ಬರದು ಗೋದಾಮಿನಲ್ಲಿ ಬಾರ್‌ಕೋಡ್ ಸ್ಕ್ಯಾನ್ ಮಾಡುವುದು, ಮತ್ತೊಬ್ಬರದು ಬಿಲ್ಲಿಂಗ್ ಕೌಂಟರ್. ಕೇಳುವುದು ಮಾತ್ರ ಒಂದೇ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಬ್ಯಾಕ್ ಆಫೀಸಿಗೆ ಬರುವ ಹೊಸಬರಿಗೆ ಕೆಲಸ ಕಲಿಸುವುದು ನನ್ನ ಉದ್ಯೋಗ. ಆ ಕಡೆಯಿಂದ ಗೊತ್ತಿರುವುದನ್ನು ಹೇಳುತ್ತೇನೆ. ಮದ್ದಿನ ತೀರ್ಮಾನ ವೈದ್ಯರದ್ದು.

ನನ್ನ ಉತ್ತರ ಇಷ್ಟು: ಬಿಡುವ ತೀರ್ಮಾನ ಈಗಲೇ ಬೇಡ. ಚಿಕಿತ್ಸೆ ಹಿಡಿಯುವ ತನಕ ಕೆಲಸವನ್ನು ತಲೆಯಲ್ಲಿ ಹೊರುವುದು ಬಿಟ್ಟು ಕಾಗದದ ಮೇಲೆ ಇಳಿಸಿ. ಅದನ್ನು ಹೇಗೆ ಮಾಡುವುದು ಅನ್ನುವುದೇ ಮುಂದಿನ ಹಂತಗಳು.

ಆದರೆ ಒಂದು ಮಾತು ಮೊದಲೇ. “ಸತ್ತರೆ ಸಾಕು” ಅನ್ನುವ ಯೋಚನೆ ಬರುತ್ತಿದ್ದರೆ ಈ ಲೇಖನ ಆಮೇಲೆ ಓದಿ, ಈಗ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನಾದರೂ ಮಾಡಿಕೊಂಡುಬಿಡುತ್ತೇನೆ ಅನ್ನಿಸುತ್ತಿದ್ದರೆ ಒಬ್ಬರೇ ಇರಬೇಡಿ. ಮನೆಯವರನ್ನೋ ರೂಮ್‌ಮೇಟನ್ನೋ ಕರೆದುಕೊಂಡು ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಈ ಮಂಕು ಅಂದರೆ ಏನು?

ಈ ಮಂಕಿಗೆ ಇಂಗ್ಲಿಷಿನಲ್ಲಿ ಬ್ರೇನ್ ಫಾಗ್ ಅನ್ನುತ್ತಾರೆ. ಅದು ಕಾಯಿಲೆಯ ಹೆಸರಲ್ಲ. ಗಮನ ನಿಲ್ಲದಿರುವುದು, ಯೋಚನೆ ನಿಧಾನವಾಗುವುದು, ಈಗ ಕೇಳಿದ್ದು ಈಗಲೇ ಜಾರಿಹೋಗುವುದು, ಸಣ್ಣ ತೀರ್ಮಾನಕ್ಕೂ ಒದ್ದಾಡುವುದು, ಇವೆಲ್ಲ ಸೇರಿದ ಸ್ಥಿತಿಗೆ ಜನ ಕೊಟ್ಟ ಹೆಸರು. ಡಿಪ್ರೆಶನ್‌ನಲ್ಲಿ, ಅಂದರೆ ಖಿನ್ನತೆಯಲ್ಲಿ, ಇದು ತುಂಬ ಸಾಮಾನ್ಯ. ಅದರಲ್ಲೂ ಜಾಸ್ತಿ ಪೆಟ್ಟು ಬೀಳುವುದು ವರ್ಕಿಂಗ್ ಮೆಮೊರಿಗೆ. ಒಟಿಪಿ ನೋಡಿ ಟೈಪ್ ಮಾಡುವ ತನಕ ಆ ಅಂಕಿಗಳನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳುತ್ತೀರಲ್ಲ, ಆ ಶಕ್ತಿ ಅದು. ಅದು ಸೊರಗಿದಾಗ ಬುದ್ಧಿ ಹೋಗಿರುವುದಿಲ್ಲ. ಹಿಡಿದಿಡುವ ಜಾಗ ಚಿಕ್ಕದಾಗಿರುತ್ತದೆ, ಅಷ್ಟೇ.

ಇದರ ಮೇಲೆ ಕೆಲಸವೂ ಬೇಜಾರಿನದಾದರೆ ಎರಡು ಕಷ್ಟ ಒಟ್ಟಿಗೆ ಸೇರಿಕೊಳ್ಳುತ್ತವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್‌ನ ನಾರ್ಮನ್ ಮ್ಯಾಕ್‌ವರ್ತ್ ಅನ್ನುವ ಸಂಶೋಧಕ ರೇಡಾರ್ ಪರದೆ ನೋಡುತ್ತಾ ಕೂರುವವರ ಗಮನವನ್ನು ಅಭ್ಯಾಸ ಮಾಡಿದ. ಗಡಿಯಾರದಂಥ ಸಾಧನದಲ್ಲಿ ಮುಳ್ಳು ಯಾವಾಗಲೋ ಒಮ್ಮೆ ಎರಡು ಹೆಜ್ಜೆ ಹಾರುವುದನ್ನು ಗುರುತಿಸಬೇಕು, ಅಷ್ಟೇ ಪರೀಕ್ಷೆ. ಮೊದಲ ಅರ್ಧ ಗಂಟೆಯಲ್ಲೇ ಜನ ಗುರುತಿಸಲಾಗದೆ ಹೋಗುವುದು ಜಾಸ್ತಿಯಾಗಿತ್ತು. ಅವರೆಲ್ಲ ಆರೋಗ್ಯವಾಗಿದ್ದವರು. ಒಂದೇ ಥರದ ಕೆಲಸದಲ್ಲಿ ಗಮನ ಜಾರುವುದು ಮನುಷ್ಯನ ಮೆದುಳಿನ ಗುಣ. ಪಕ್ಕದ ಸೀಟಿನವರಿಗೂ ಜಾರುತ್ತದೆ. ನಿಮಗೆ ಬೇಗ ಜಾರುತ್ತದೆ.

ಇನ್ನೊಂದು ವಿಷಯ ಗೊತ್ತಿಲ್ಲದೆ ಬಹಳ ಜನ ಧೈರ್ಯ ಕಳೆದುಕೊಳ್ಳುತ್ತಾರೆ. ಚಿಕಿತ್ಸೆ ಶುರುವಾದ ಮೇಲೆ ಸಾಮಾನ್ಯವಾಗಿ ನಿದ್ದೆ, ಹಸಿವು, ಮನಸ್ಸಿನ ಭಾರ ಮೊದಲು ಸುಧಾರಿಸುತ್ತವೆ. ಗಮನ ಮತ್ತು ನೆನಪು ಸರಿಹೋಗಲು ಇನ್ನೂ ಸಮಯ ಬೇಕಾಗುತ್ತದೆ. “ಅಳು ನಿಂತಿದೆ, ಆದರೆ ತಲೆ ಇನ್ನೂ ಓಡುತ್ತಿಲ್ಲ, ಮಾತ್ರೆ ಕೆಲಸ ಮಾಡ್ತಿಲ್ಲ” ಅಂತ ಆ ಹೊತ್ತಿನಲ್ಲಿ ಮಾತ್ರೆ ಬಿಡುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ.

ಬೇಕಾಗುವ ಸಾಮಾನು

ಜೇಬಿನಲ್ಲಿ ಹಿಡಿಸುವ ಒಂದು ನೋಟ್‌ಬುಕ್, ಪೆನ್, ಒಂದು ಸ್ಕೇಲ್, ನೀರಿನ ಬಾಟಲಿ, ವೈದ್ಯರ ಚೀಟಿ ಮತ್ತು ರಕ್ತಪರೀಕ್ಷೆಯ ವರದಿ ಇಡಲು ಒಂದು ಫೈಲು. ಜೊತೆಗೆ, ಆಗಾಗ “ಹೇಗಿದ್ದೀಯಾ” ಅಂತ ಕೇಳಬಲ್ಲ ಒಬ್ಬ ಮನುಷ್ಯ. ಅಕ್ಕನೋ, ಗೆಳೆಯನೋ, ಯಾರಾದರೂ ಸರಿ.

ಹಂತ 1: ಸೇರುವ ಮುಂಚೆಯೇ ವೈದ್ಯರನ್ನು ಕಾಣಿ

ಬೇಜಾರು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಕೆಡುವುದು, ಸುಸ್ತು, ಗಮನ ನಿಲ್ಲದಿರುವುದು ಎರಡು ವಾರ ದಾಟಿ ಹೆಚ್ಚು ಕಡಿಮೆ ದಿನವೂ ಇದ್ದರೆ ತೋರಿಸಲೇಬೇಕು. ವೈದ್ಯರು ಪಿಎಚ್‌ಕ್ಯೂ-9 ಅನ್ನುವ ಒಂಬತ್ತು ಪ್ರಶ್ನೆಗಳ ಪಟ್ಟಿ ಕೊಡಬಹುದು. ಕಳೆದ ಎರಡು ವಾರ ಹೇಗಿತ್ತು ಅಂತ ಕೇಳುತ್ತದೆ, 27ಕ್ಕೆ ಅಂಕ. 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸರಿಯಾಗಿ ವಿಚಾರಿಸಬೇಕು ಅಂತ ಅರ್ಥ. ಅದೊಂದರಿಂದಲೇ ಕಾಯಿಲೆ ತೀರ್ಮಾನವಾಗುವುದಿಲ್ಲ. ಆದರೆ ತಿಂಗಳಿಗೊಮ್ಮೆ ತುಂಬಿಸಿಟ್ಟರೆ ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಾಗುತ್ತದೆ.

ರಕ್ತಪರೀಕ್ಷೆ ಬೇಕಾ ಅಂತ ನೀವೇ ಕೇಳಿ. ಥೈರಾಯ್ಡ್ ಕಡಿಮೆ ಇದ್ದರೆ, ಹಿಮೋಗ್ಲೋಬಿನ್ ಕಡಿಮೆ ಇದ್ದರೆ, ವಿಟಮಿನ್ ಬಿ12 ಕೊರತೆ ಇದ್ದರೆ, ಸಕ್ಕರೆ ಏರುಪೇರಾದರೆ ಇದೇ ಥರದ ಮಂಕು ಕವಿಯುತ್ತದೆ. ಬಿ12 ಕೊರತೆ ಸಸ್ಯಾಹಾರಿಗಳಲ್ಲಿ ಜಾಸ್ತಿ. ರಕ್ತಹೀನತೆಯಂತೂ ನಮ್ಮಲ್ಲಿ ಮನೆಮನೆಯ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಜೋರಾಗಿ ಗೊರಕೆ ಹೊಡೆದು, ಎದ್ದ ಮೇಲೂ ನಿದ್ದೆ ಆಗಿಲ್ಲ ಅನ್ನಿಸುತ್ತಿದ್ದರೆ ಅದನ್ನೂ ಹೇಳಿ. ಇವಕ್ಕೆಲ್ಲ ಬೇರೆ ಬೇರೆ ಚಿಕಿತ್ಸೆ ಇದೆ. ಕೆಲವರಿಗೆ ಅರ್ಧ ಮಂಕು ಅಲ್ಲೇ ಕರಗುತ್ತದೆ.

ಎಲ್ಲಿ ತೋರಿಸಬೇಕು? ದೊಡ್ಡ ಊರಿಗೇ ಹೋಗಬೇಕು ಅಂತೇನಿಲ್ಲ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಕರ್ನಾಟಕದಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲೇ ವಿಚಾರಿಸಿ. ಮಾನಸಿಕ ಆರೋಗ್ಯಕ್ಕೆಂದೇ ಇರುವ ಸರ್ಕಾರಿ ಆಸ್ಪತ್ರೆಗಳಾಗಿ ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಎಲ್ಲಿಗೆ ಹೋಗಬೇಕು ಅಂತಲೇ ತಿಳಿಯದಿದ್ದರೆ 14416ಕ್ಕೆ ಕೇಳಿದರೂ ಹೇಳುತ್ತಾರೆ. 2015-16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಖಿನ್ನತೆ ಇದ್ದವರಲ್ಲಿ ಶೇಕಡಾ 85ರಷ್ಟು ಜನ ಚಿಕಿತ್ಸೆಯನ್ನೇ ಪಡೆಯುತ್ತಿರಲಿಲ್ಲ. ಆ ಗುಂಪಿನಲ್ಲಿ ನೀವು ಉಳಿಯಬೇಡಿ.

ವೈದ್ಯರಿಗೆ ತಪ್ಪದೆ ಹೇಳಬೇಕಾದ್ದು: ಯಾವ ದಿನ ಕೆಲಸಕ್ಕೆ ಸೇರುತ್ತಿದ್ದೀರಿ, ಶಿಫ್ಟ್ ಎಷ್ಟು ಹೊತ್ತಿಗೆ, ಬೈಕ್ ಓಡಿಸುತ್ತೀರಾ, ಮೆಷಿನ್ ಹತ್ತಿರ ನಿಲ್ಲುತ್ತೀರಾ. ಕೆಲವು ಮಾತ್ರೆ ತೂಕಡಿಕೆ ತರುತ್ತವೆ, ಅವನ್ನು ರಾತ್ರಿಗೆ ಹಾಕುತ್ತಾರೆ. ಕೆಲವು ನಿದ್ದೆ ಕೆಡಿಸುತ್ತವೆ, ಅವನ್ನು ಬೆಳಿಗ್ಗೆಗೆ ಬದಲಿಸಬಹುದು. ಹಿಂದೆ ಯಾವಾಗಲಾದರೂ ದಿನಗಟ್ಟಲೆ ನಿದ್ದೆಯೇ ಬೇಡ ಅನ್ನಿಸಿ, ವಿಪರೀತ ಹುರುಪಿನಲ್ಲಿ ಮಾತಾಡಿ, ಕಂಡಾಪಟ್ಟೆ ಖರ್ಚು ಮಾಡಿದ್ದರೆ ಅದನ್ನೂ ಮುಚ್ಚಿಡಬೇಡಿ. ಅದು ಬೇರೆ ಕಾಯಿಲೆಯ ಗುರುತಾಗಿರಬಹುದು, ಅದಕ್ಕೆ ಮದ್ದೂ ಬೇರೆ.

ಎಡವುವ ಜಾಗಗಳು: ಖಿನ್ನತೆಯ ಮಾತ್ರೆ ಮರುದಿನವೇ ಕೆಲಸ ಮಾಡುವುದಿಲ್ಲ. ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಪೂರ್ತಿ ಪರಿಣಾಮಕ್ಕೆ ಆರರಿಂದ ಎಂಟು ವಾರ ಹಿಡಿಯಬಹುದು. ಹೊಟ್ಟೆ ತೊಳೆಸುವುದು, ತಲೆನೋವಿನಂಥ ತೊಂದರೆ ಬರುವುದು ಹೆಚ್ಚಾಗಿ ಮೊದಲ ವಾರಗಳಲ್ಲಿ. ಅಂದರೆ ತೊಂದರೆ ಮೊದಲು, ಗುಣ ಆಮೇಲೆ. ಈ ನಡುವಿನ ದಿನಗಳಲ್ಲೇ ಕೆಲಸದ ಮೊದಲ ವಾರ ಬಂದರೆ ತುಂಬ ಕಷ್ಟ. ಹಾಗಾಗಿ ಸಾಧ್ಯವಾದರೆ ಸೇರುವ ಕೆಲವು ವಾರ ಮುಂಚೆಯೇ ಚಿಕಿತ್ಸೆ ಶುರುಮಾಡಿ. ತೊಂದರೆ ಜಾಸ್ತಿಯಾದರೆ, ಚಡಪಡಿಕೆಯೋ ಸಾಯುವ ಯೋಚನೆಯೋ ಹೆಚ್ಚಾದರೆ, ಕಾಯದೆ ವೈದ್ಯರಿಗೆ ಫೋನ್ ಮಾಡಿ. ಗುಣವಾಯಿತು ಅಂತ ನಿಮ್ಮಷ್ಟಕ್ಕೆ ನೀವೇ ಮಾತ್ರೆ ನಿಲ್ಲಿಸಬೇಡಿ. ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಬರುತ್ತದೆ, ಕಾಯಿಲೆಯೂ ಮರಳಬಹುದು. ಗೆಳೆಯರ ಮಾತ್ರೆ ತಗೋಬೇಡಿ. ವಾರದ ಕೊನೆಗೆ ಕುಡಿಯುವ ಅಭ್ಯಾಸವಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಹಂತ 2: ಕಾಗದಪತ್ರ, ಮತ್ತು ಯಾರಿಗೆ ಏನು ಹೇಳಬೇಕು

ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದು, ಕಂಪನಿ ಇಎಸ್‌ಐ, ಅಂದರೆ ನೌಕರರಿಗೆ ಸರ್ಕಾರದ ಆರೋಗ್ಯ ವಿಮೆ, ಇದರ ವ್ಯಾಪ್ತಿಗೆ ಬಂದರೆ ನಿಮ್ಮ ಸಂಬಳದಿಂದ ಶೇಕಡಾ 0.75 ಕಡಿತವಾಗುತ್ತದೆ. ಕಂಪನಿ ಶೇಕಡಾ 3.25 ಹಾಕುತ್ತದೆ. ಸೇರಿದ ದಿನದಿಂದಲೇ ನಿಮಗೆ ವೈದ್ಯಕೀಯ ಸೌಲಭ್ಯ ಇದೆ, ಮನೋರೋಗದ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ಎಚ್‌ಆರ್ ಹತ್ತಿರ ಇಎಸ್‌ಐ ನಂಬರ್ ಕೇಳಿ ತಗೊಳ್ಳಿ. ನಿಮ್ಮ ಏರಿಯಾದ ಇಎಸ್‌ಐ ಡಿಸ್ಪೆನ್ಸರಿ ಯಾವುದು ಅಂತ ಗೊತ್ತುಮಾಡಿಕೊಳ್ಳಿ. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಕಾಯಿಲೆ ರಜೆಗೆ ಸಂಬಳದ ಶೇಕಡಾ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುವ ಸೌಲಭ್ಯವೂ ಇದೆ. ಆದರೆ ಅದಕ್ಕೆ ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು. ಸೇರಿದ ಹೊಸದರಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ.

ಕಂಪನಿಯ ಆರೋಗ್ಯ ವಿಮೆ ಇದ್ದರೆ ಪಾಲಿಸಿ ಕಾಗದ ಓದಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ದೇಹದ ಕಾಯಿಲೆಗಿರುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಆದರೆ ಬಹಳ ಪಾಲಿಸಿಗಳು ಆಸ್ಪತ್ರೆಗೆ ಸೇರಿದರೆ ಮಾತ್ರ ದುಡ್ಡು ಕೊಡುತ್ತವೆ. ತಿಂಗಳ ಮಾತ್ರೆ, ಕನ್ಸಲ್ಟೇಶನ್ ಖರ್ಚು ಕೈಯಿಂದಲೇ ಹೋಗಬಹುದು. ನಿಮ್ಮ ಕಾಯಿಲೆಯ ವಿವರ ಗುಟ್ಟಾಗಿಡುವುದು ಆಸ್ಪತ್ರೆಯ ಹೊಣೆ ಅಂತಲೂ ಅದೇ ಕಾಯ್ದೆ ಹೇಳುತ್ತದೆ.

ಆಫೀಸಿನಲ್ಲಿ ಹೇಳಬೇಕಾ? ಎಲ್ಲರಿಗೂ ಹೇಳುವ ಅಗತ್ಯ ಖಂಡಿತ ಇಲ್ಲ. ಊಟದ ಟೇಬಲ್ಲಿನಲ್ಲಿ ಮೊದಲ ವಾರವೇ ಮನಸ್ಸು ಬಿಚ್ಚಿದರೆ ಆ ಮಾತು ಎಲ್ಲಿಗೆ ಹೋಗುತ್ತದೆ ಅಂತ ನಿಮ್ಮ ಕೈಯಲ್ಲಿರುವುದಿಲ್ಲ. ಆದರೆ ಫಾಲೋಅಪ್‌ಗೆ ರಜೆ ಬೇಕಾಗುತ್ತದಲ್ಲ, ಅದಕ್ಕೆ ಟೀಮ್ ಲೀಡರ್‌ಗೆ ಇಷ್ಟು ಹೇಳಿದರೆ ಸಾಕು: “ಸರ್, ನನಗೆ ಒಂದು ಆರೋಗ್ಯದ ತೊಂದರೆಗೆ ಟ್ರೀಟ್‌ಮೆಂಟ್ ನಡೀತಿದೆ. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗಬೇಕು. ಮುಂಚೆಯೇ ತಾರೀಖು ಹೇಳ್ತೀನಿ.” ಕಾಯಿಲೆಯ ಹೆಸರು ಹೇಳುವುದು ನಿಮ್ಮಿಷ್ಟ. ಆದರೆ ಸೇರುವಾಗ ತುಂಬಿಸುವ ಮೆಡಿಕಲ್ ಫಾರಂನಲ್ಲಿ ನೇರವಾಗಿ ಕೇಳಿದ್ದರೆ ಸುಳ್ಳು ಬರೆಯಬೇಡಿ. ಏನು ಬರೆಯಬೇಕು ಅಂತ ವೈದ್ಯರನ್ನು ಕೇಳಿ ಬರೆಯಿರಿ.

ಹಂತ 3: ಮೊದಲ ವಾರ, ಎಲ್ಲವನ್ನೂ ಬರೆದುಕೊಳ್ಳಿ

ಇದೇ ಇಡೀ ಲೇಖನದ ಜೀವಾಳ, ಸ್ವಲ್ಪ ನಿಧಾನವಾಗಿ ಓದಿ.

ಟ್ರೇನಿಂಗ್‌ನಲ್ಲಿ ತೋರಿಸುವಾಗ ಎಲ್ಲವೂ ಅರ್ಥವಾದ ಹಾಗೆ ಅನ್ನಿಸುತ್ತದೆ. ಸೀಟಿಗೆ ಬಂದು ಕೂತರೆ ಮೊದಲ ಪರದೆಯಲ್ಲೇ ಕೈ ನಿಲ್ಲುತ್ತದೆ. ಯಾಕೆಂದರೆ ಅರ್ಥವಾಗುವುದು ಬೇರೆ, ಹಿಡಿದಿಡುವುದು ಬೇರೆ. ಹಾಗಾಗಿ ಹಿಡಿದಿಡುವ ಕೆಲಸವನ್ನು ನೋಟ್‌ಬುಕ್ಕಿಗೆ ಕೊಡಿ.

ಒಂದು ಕೆಲಸಕ್ಕೆ ಒಂದು ಪುಟ. ಮೇಲೆ ಕೆಲಸದ ಹೆಸರು. ಕೆಳಗೆ ಒಂದೊಂದು ಸಾಲಿನಲ್ಲಿ ಒಂದೇ ಒಂದು ಕ್ರಿಯೆ. “ಬಿಲ್ ಎಂಟ್ರಿ ಮಾಡು” ಅಂತ ಬರೆದರೆ ಪ್ರಯೋಜನ ಇಲ್ಲ. ಹೀಗೆ ಬರೆಯಿರಿ:

1. ಬಿಲ್ ತೆರೆ. ತಾರೀಖು ನೋಡು.
2. ವೆಂಡರ್ ಕೋಡ್ ಹಾಕು. ಹೆಸರು ಬಿಲ್ಲಿನ ಹೆಸರಿಗೆ ಹೊಂದುತ್ತಾ ನೋಡು.
3. ಬಿಲ್ ನಂಬರ್ ಹಾಕು. ಸೊನ್ನೆಯೋ ‘ಓ’ ಅಕ್ಷರವೋ ನೋಡು.
4. ಮೊತ್ತ ಹಾಕು. ಜಿಎಸ್‌ಟಿ ಬೇರೆ.
5. ಸೇವ್. ಬಂದ ರೆಫರೆನ್ಸ್ ನಂಬರ್ ಬಿಲ್ಲಿನ ಮೇಲೆ ಬರಿ.

ಕಲಿಸುವವರು ಅವಸರ ಮಾಡಿದರೆ “ಒಂದು ನಿಮಿಷ, ಬರ್ಕೊಳ್ತೀನಿ” ಅನ್ನಿ. ಕಲಿಸುವವಳಾಗಿ ಹೇಳುತ್ತೇನೆ, ಬರೆದುಕೊಳ್ಳುವ ಹೊಸಬರನ್ನು ಕಂಡರೆ ನಮಗೆ ಸಮಾಧಾನ. ಮತ್ತೆ ಮತ್ತೆ ಅದೇ ಪ್ರಶ್ನೆ ಬರುವುದಿಲ್ಲ ಅನ್ನುವ ಧೈರ್ಯ ಬರುತ್ತದೆ. ಬರೆದಾದ ಮೇಲೆ ಆ ಪುಟವನ್ನು ಅವರಿಗೇ ತೋರಿಸಿ “ಇದು ಸರಿನಾ?” ಅಂತ ಕೇಳಿ. ಒಂದು ಸಾಲು ತಪ್ಪಿದ್ದರೆ ಅಲ್ಲೇ ಸರಿಯಾಗುತ್ತದೆ.

ನೋಟ್‌ಬುಕ್ಕಿನ ಕೊನೆಯ ಪುಟದಿಂದ ಹಿಂದಕ್ಕೆ ಇನ್ನೊಂದು ಪಟ್ಟಿ: ಯಾರನ್ನು ಯಾವುದಕ್ಕೆ ಕೇಳಬೇಕು. ಸಿಸ್ಟಮ್ ಲಾಕ್ ಆದರೆ ಯಾರು, ರಜೆಗೆ ಯಾರು, ಕ್ಯಾಬ್ ಬರದಿದ್ದರೆ ಯಾರು. ಹೆಸರು ಮರೆಯುವುದು ಮಂಕಿನ ದಿನಗಳಲ್ಲಿ ಮಾಮೂಲು. ಇದು ನಿಮ್ಮ ಮುಜುಗರ ತಪ್ಪಿಸುತ್ತದೆ.

ಎಡವುವ ಜಾಗ: ಕೆಲವು ಬಿಪಿಒಗಳಲ್ಲಿ, ಅದರಲ್ಲೂ ಬ್ಯಾಂಕ್ ಮತ್ತು ಆಸ್ಪತ್ರೆಗಳ ಮಾಹಿತಿ ನೋಡುವ ಕಡೆ, ಪೆನ್, ಕಾಗದ, ಫೋನ್ ಯಾವುದನ್ನೂ ಒಳಗೆ ಬಿಡುವುದಿಲ್ಲ. ಅಂಥ ಕಡೆ ನೋಟ್‌ಬುಕ್ ತೆಗೆದರೆ ಕೆಲಸಕ್ಕೇ ಕುತ್ತು. ಮೊದಲ ದಿನವೇ ಕೇಳಿ: “ನೋಟ್ಸ್ ಎಲ್ಲಿ ಮಾಡ್ಕೊಬಹುದು?” ಸಾಮಾನ್ಯವಾಗಿ ಕಂಪ್ಯೂಟರಿನಲ್ಲೇ ನೋಟ್‌ಪ್ಯಾಡ್ ಇರುತ್ತದೆ, ಇಲ್ಲವೇ ಅವರೇ ಕೊಡುವ ಸಣ್ಣ ವೈಟ್‌ಬೋರ್ಡ್ ಇರುತ್ತದೆ. ಹಂತಗಳನ್ನು ಅಲ್ಲಿ ಬರೆಯಿರಿ. ಗ್ರಾಹಕರ ಹೆಸರು, ನಂಬರ್, ಪಾಸ್‌ವರ್ಡ್ ಎಲ್ಲೂ ಬರೆಯಬೇಡಿ. ಪರದೆಯ ಫೋಟೋ ತೆಗೆಯಲೇಬೇಡಿ.

ಹಂತ 4: ದಿನವನ್ನು ತುಂಡು ಮಾಡಿ

ಎಂಟು ಗಂಟೆ ಅಂತ ಯೋಚಿಸಿದರೆ ಯಾರಿಗಾದರೂ ಎದೆ ಒಡೆಯುತ್ತದೆ. 25 ನಿಮಿಷ ಅಂತ ಯೋಚಿಸಿ. ಅಥವಾ 20 ಬಿಲ್, 40 ಡಬ್ಬ, ನಿಮ್ಮ ಕೆಲಸಕ್ಕೆ ಹೊಂದುವ ಒಂದು ಅಳತೆ ಇಟ್ಟುಕೊಳ್ಳಿ. ಅದು ಮುಗಿದಾಗ ಒಂದು ಗೀಟು ಎಳೆಯಿರಿ. ಕಣ್ಣನ್ನು ಪರದೆಯಿಂದ ತೆಗೆದು ದೂರ ನೋಡಿ, ನೀರು ಕುಡಿಯಿರಿ, ಸಾಧ್ಯವಿದ್ದರೆ ಎದ್ದು ನಿಲ್ಲಿ. ಒಂದೆರಡು ನಿಮಿಷ ಸಾಕು. ಮತ್ತೆ ಶುರು.

ನಡುವೆ ಯಾರಾದರೂ ಕರೆದರೆ, ಏಳುವ ಮುಂಚೆ ಎಲ್ಲಿ ನಿಲ್ಲಿಸಿದ್ದೀರಿ ಅಂತ ಎರಡು ಪದ ಬರೆದೇ ಏಳಿ. “ಬಿಲ್ 17, ಮೊತ್ತ ಬಾಕಿ.” ಇದೊಂದೇ ಅಭ್ಯಾಸ ಎಷ್ಟೋ ತಪ್ಪು ತಪ್ಪಿಸುತ್ತದೆ.

ದಿನದಲ್ಲಿ ತಲೆ ಸ್ವಲ್ಪ ತಿಳಿಯಾಗಿರುವ ಹೊತ್ತು ಯಾವುದು ಅಂತ ಗಮನಿಸಿ. ಖಿನ್ನತೆಯಲ್ಲಿ ಬಹಳ ಜನರಿಗೆ ಬೆಳಿಗ್ಗೆ ಭಾರ, ಮಧ್ಯಾಹ್ನದ ಮೇಲೆ ಹಗುರ. ಹಾಗಿದ್ದರೆ ಬೆಳಿಗ್ಗೆ ಸುಮ್ನೆ ಕೈ ಓಡುವ ಕೆಲಸ ಮಾಡಿ. ಲೆಕ್ಕ ತಾಳೆ ನೋಡುವ, ಇಮೇಲ್ ಬರೆಯುವ ಕೆಲಸ ಆಮೇಲೆ ಇಟ್ಟುಕೊಳ್ಳಿ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಮಾತ್ರ, ಅಲ್ವಾ.

ಅಂಕಿಗಳ ಕೆಲಸದವರಿಗೆ ಕೆಲವು ಮಾತು. ಉದ್ದದ ನಂಬರನ್ನು ಎರಡೆರಡು, ಮೂರುಮೂರು ಅಂಕಿಗಳಾಗಿ ಒಡೆದು ಬಾಯಲ್ಲಿ ಮೆಲ್ಲಗೆ ಹೇಳಿಕೊಂಡು ಟೈಪ್ ಮಾಡಿ. ಕಾಗದದ ಮೇಲೆ ಓದುವ ಸಾಲಿನ ಕೆಳಗೆ ಸ್ಕೇಲ್ ಇಡಿ. ಟೈಪ್ ಮಾಡಿದ ತಕ್ಷಣ ಪರೀಕ್ಷಿಸಬೇಡಿ, ಕಣ್ಣು ತಾನು ಅಂದುಕೊಂಡಿದ್ದನ್ನೇ ನೋಡುತ್ತದೆ. ಒಂದು ತುಂಡು ಮುಗಿದ ಮೇಲೆ ಒಟ್ಟಿಗೆ ಪರೀಕ್ಷಿಸಿ. ಮೊತ್ತ ತಾಳೆಯಾಗದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ. ಶೇಷ ಇಲ್ಲದೆ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ಉದಾಹರಣೆಗೆ 7,623 ಇರುವ ಕಡೆ 7,263 ಹಾಕಿದ್ದರೆ ವ್ಯತ್ಯಾಸ 360, ಅದು 9ರಿಂದ ಭಾಗವಾಗುತ್ತದೆ. ಒಂದು ಸೊನ್ನೆ ಹೆಚ್ಚು ಬಿದ್ದಿದ್ದರೂ ಹೀಗೇ. ಲೆಕ್ಕದವರು ಬಹಳ ಕಾಲದಿಂದ ಬಳಸುವ ಉಪಾಯ ಇದು. ಮಂಕು ಕವಿದ ದಿನ ಇಡೀ ಪಟ್ಟಿ ಮೊದಲಿಂದ ಓದುವ ಕಷ್ಟ ತಪ್ಪುತ್ತದೆ.

ಹಂತ 5: ಕೈ ಕೆಲಸದಲ್ಲಿ, ತಲೆ ಹಳೇ ನೋವಿನಲ್ಲಿ

ಬೇಜಾರಿನ ಕೆಲಸದ ನಿಜವಾದ ಅಪಾಯ ಇದು. ಕೈ ತನ್ನಷ್ಟಕ್ಕೆ ಓಡುತ್ತಿರುತ್ತದೆ, ತಲೆ ಖಾಲಿ. ಖಾಲಿ ತಲೆಗೆ ಹಳೆಯದೆಲ್ಲ ನುಗ್ಗುತ್ತದೆ. “ಜೊತೆಗೆ ಓದಿದವರು ಎಲ್ಲೆಲ್ಲೋ ಇದ್ದಾರೆ, ನಾನು ಇಲ್ಲಿ ಡಬ್ಬ ಎಣಿಸುತ್ತಿದ್ದೇನೆ.” ಒಂದೇ ಯೋಚನೆಯನ್ನು ಗಾಣದೆತ್ತಿನ ಹಾಗೆ ಸುತ್ತುವ ಇದಕ್ಕೆ ಮನೋವಿಜ್ಞಾನದಲ್ಲಿ ರೂಮಿನೇಶನ್ ಅನ್ನುತ್ತಾರೆ. ಅದು ಖಿನ್ನತೆಯನ್ನು ಉದ್ದ ಮಾಡುತ್ತದೆ. ಯೋಚಿಸಿ ಪರಿಹಾರ ಹುಡುಕುತ್ತಿದ್ದೇನೆ ಅನ್ನಿಸುತ್ತದೆ, ಆದರೆ ಪರಿಹಾರ ಬರುವುದಿಲ್ಲ.

ಅದರ ಜೊತೆ ವಾದ ಮಾಡಲು ಹೋಗಬೇಡಿ. ತಲೆಗೆ ಬೇರೆ ಏನಾದರೂ ಕೊಡಿ. ಇಯರ್‌ಫೋನ್ ಬಿಡುವ ಕಡೆಯಾದರೆ, ಬರೀ ಕೈ ಕೆಲಸಕ್ಕೆ ಕಥೆ, ರೇಡಿಯೊ, ಹರಟೆ ಕೇಳಬಹುದು. ಓದುವ, ಟೈಪ್ ಮಾಡುವ ಕೆಲಸಕ್ಕೆ ಮಾತಿಲ್ಲದ ಸಂಗೀತ ವಾಸಿ. ಕೊಳಲೋ ವೀಣೆಯೋ ಆಗಬಹುದು. ಮಾತು ಕೇಳುತ್ತಾ ಅಕ್ಷರ ಓದಿದರೆ ತಪ್ಪು ಜಾಸ್ತಿಯಾಗುತ್ತದೆ. ಇಯರ್‌ಫೋನ್ ಇಲ್ಲದ ಕಡೆ ಎಣಿಸುತ್ತಾ ಕೆಲಸ ಮಾಡಿ, ಅಥವಾ ಈ ತುಂಡಿನಲ್ಲಿ ತಪ್ಪಿಲ್ಲದೆ ಎಷ್ಟು ಮಾಡಬಲ್ಲೆ ಅಂತ ನೋಡಿ. ಯೋಚನೆ ತೀರಾ ಕಾಡಿದರೆ ಒಂದು ಸಾಲು ಬರೆದಿಟ್ಟು, “ಸಂಜೆ ಆರೂವರೆಗೆ ಇದರ ಬಗ್ಗೆ ಯೋಚಿಸುತ್ತೇನೆ” ಅಂತ ಮುಂದೆ ಹಾಕಿ. ಸಂಜೆ ಹತ್ತು ನಿಮಿಷ ನಿಜವಾಗಿ ಕೂತು ಯೋಚಿಸಿ. ಎಷ್ಟೋ ಸಲ ಅಷ್ಟು ಹೊತ್ತಿಗೆ ಅದರ ಕಾವು ಇಳಿದಿರುತ್ತದೆ.

ಬ್ರೇಕ್‌ನಲ್ಲಿ ರೀಲ್ಸ್ ನೋಡುತ್ತಾ ಕೂರಬೇಡಿ. ದಣಿದ ಗಮನಕ್ಕೆ ಅದು ವಿಶ್ರಾಂತಿ ಅಲ್ಲ, ಮೇಲಾಗಿ ಬೇರೆಯವರ ಮದುವೆ, ಕಾರು, ಪ್ರವಾಸವೇ ಕಣ್ಣಿಗೆ ಬೀಳುತ್ತದೆ. ಟೀ ಅಂಗಡಿ ತನಕ ನಡೆದು ಬನ್ನಿ. ಬೆಳಕು ಕಣ್ಣಿಗೆ ಬೀಳಲಿ.

ಹಂತ 6: ಮನೆಯಲ್ಲಿ

ಏಳುವ ಹೊತ್ತು ಪ್ರತಿದಿನ ಒಂದೇ ಇರಲಿ, ಭಾನುವಾರವೂ. ಮಲಗುವ ಹೊತ್ತು ನಿಮ್ಮ ಮಾತು ಕೇಳದಿರಬಹುದು, ಏಳುವ ಹೊತ್ತನ್ನಾದರೂ ಹಿಡಿದಿಡಿ. ಬಟ್ಟೆ, ಐಡಿ ಕಾರ್ಡ್, ಬಸ್ ಪಾಸು, ಮಾತ್ರೆ ಎಲ್ಲ ರಾತ್ರಿಯೇ ಒಂದು ಕಡೆ ಇಡಿ. ಬೆಳಿಗ್ಗೆ ತೀರ್ಮಾನ ಮಾಡುವ ಕೆಲಸ ಕಡಿಮೆ ಇದ್ದಷ್ಟೂ ಒಳ್ಳೆಯದು. ಪ್ರತಿದಿನ ಅದೇ ಅವಲಕ್ಕಿಯೋ ಇಡ್ಲಿಯೋ ಆದರೂ ಪರವಾಗಿಲ್ಲ, ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಕಾಫಿ ಟೀ ಮಧ್ಯಾಹ್ನದ ತನಕ ಸಾಕು. ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು, ಸಂಜೆ ಆರರ ಕಾಫಿ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ.

ನೈಟ್ ಶಿಫ್ಟ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿ. ಖಿನ್ನತೆ ಇರುವವರು ಆದಷ್ಟು ಬೇಡ ಅನ್ನಬೇಕು. ನಿದ್ದೆ ಕೆಟ್ಟರೆ ಖಿನ್ನತೆ ಏರುತ್ತದೆ. ಬೇರೆ ದಾರಿ ಇಲ್ಲದಿದ್ದರೆ, ವಾರವಾರ ಬದಲಾಗುವ ಶಿಫ್ಟಿಗಿಂತ ಒಂದೇ ಶಿಫ್ಟ್ ಕೇಳಿ. ಬೆಳಗ್ಗೆ ಮಲಗುವ ಕೋಣೆಗೆ ದಪ್ಪ ಪರದೆ ಹಾಕಿ. ಮಾತ್ರೆಯ ಹೊತ್ತನ್ನು ವೈದ್ಯರ ಹತ್ತಿರ ಹೊಸದಾಗಿ ಗೊತ್ತುಮಾಡಿಸಿಕೊಳ್ಳಿ.

ಇನ್ನೊಂದು ಕೆಲಸ ಇದೆ, ಇದು ಚಿಕಿತ್ಸೆಯ ಭಾಗವೇ. ಹುಮ್ಮಸ್ಸು ಬಂದ ಮೇಲೆ ಮಾಡೋಣ ಅಂತ ಕಾಯದೆ, ಮೊದಲು ಸಣ್ಣದೊಂದನ್ನು ಮಾಡುವುದು. ಮಾಡಿದ ಮೇಲೆ ಹುಮ್ಮಸ್ಸು ಸ್ವಲ್ಪ ಸ್ವಲ್ಪ ಹಿಂಬಾಲಿಸುತ್ತದೆ. ಇದಕ್ಕೆ ಬಿಹೇವಿಯರಲ್ ಆಕ್ಟಿವೇಶನ್ ಅಂತ ಹೆಸರು, ಖಿನ್ನತೆಗೆ ಚೆನ್ನಾಗಿ ಪರೀಕ್ಷೆಗೆ ಒಳಗಾದ ಮಾತಿನ ಚಿಕಿತ್ಸೆಗಳಲ್ಲಿ ಒಂದು. ವಾರಕ್ಕೆ ಎರಡು ದಿನ, ಹೊತ್ತು ಗೊತ್ತುಮಾಡಿ, ಆಫೀಸಿಗೆ ಸಂಬಂಧವಿಲ್ಲದ ಏನಾದರೂ ಮಾಡಿ. ಗಿಡಕ್ಕೆ ನೀರು, ಲೈಬ್ರರಿ, ಶಟ್ಲ್, ಅಮ್ಮನ ಜೊತೆ ಅಡುಗೆ, ಯಾವುದೂ ಆದೀತು. “ವಾಕಿಂಗ್ ಹೋಗ್ತೀನಿ” ಅನ್ನುವುದಕ್ಕಿಂತ “ಬುಧವಾರ ಏಳಕ್ಕೆ ದೇವಸ್ಥಾನದ ತನಕ” ಅಂತ ಬರೆದರೆ ಆಗುವ ಸಾಧ್ಯತೆ ಜಾಸ್ತಿ. ಕೆಲಸ ಬೇಜಾರಿನದಾದರೆ ಬದುಕಿನ ರುಚಿ ಬೇರೆ ಕಡೆಯಿಂದ ಬರಬೇಕಲ್ಲವೇ?

ಹಂತ 7: ತಪ್ಪಾದಾಗ

ತಪ್ಪಾಗುತ್ತದೆ. ಮುಚ್ಚಿಡಬೇಡಿ, ಕಥೆ ಹೇಳಬೇಡಿ. “ಮೇಡಂ, 42ನೇ ಬಿಲ್ಲಿನಲ್ಲಿ ಮೊತ್ತ ತಪ್ಪು ಹಾಕಿದ್ದೆ. ಈಗ ಸರಿಮಾಡಿದ್ದೇನೆ. ಇನ್ನು ಮೇಲೆ ಪ್ರತಿ 20ಕ್ಕೆ ಒಮ್ಮೆ ಚೆಕ್ ಮಾಡ್ತೀನಿ.” ಮೂರು ವಾಕ್ಯ: ಏನಾಯಿತು, ಏನು ಮಾಡಿದೆ, ಮುಂದೆ ಏನು. ಖಿನ್ನತೆ ಇರುವವರು ಒಂದು ತಪ್ಪಿಗೆ ಹತ್ತು ಸಲ ಸಾರಿ ಕೇಳುತ್ತಾರೆ, ಆಮೇಲೆ ಇಡೀ ದಿನ ಅದನ್ನೇ ಮೆಲುಕು ಹಾಕುತ್ತಾರೆ. ಒಂದು ಸಲ ಸಾಕು.

ವೇಗಕ್ಕೆ ಬಯ್ಯುತ್ತಿದ್ದರೆ ನೇರವಾಗಿ ಕೇಳಿ: “ಈಗ ನನ್ನಿಂದ ಮೊದಲು ಏನು ಬೇಕು, ವೇಗವಾ, ತಪ್ಪಿಲ್ಲದಿರುವುದಾ?” ಹೊಸಬರಿಗೆ ಬಹಳ ಕಡೆ ಮೊದಲು ನೋಡುವುದು ತಪ್ಪಿನ ಲೆಕ್ಕವನ್ನೇ. ವೇಗ ತಾನಾಗಿ ಬರುತ್ತದೆ.

ಮನೆಯವರಿಗೂ ಒಂದು ಮಾತು ಹೇಳಿಡಿ. “ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ಸುಸ್ತಾ?” ಅಂತ ಕೇಳುವವರಿಗೆ, “ಕಾಯಿಲೆಯಿಂದ ಏಳುತ್ತಾ ಕೆಲಸ ಮಾಡ್ತಿದ್ದೀನಿ, ಸಂಜೆ ಒಂದು ಗಂಟೆ ಸುಮ್ಮನೆ ಬಿಡಿ” ಅಂದರೆ ಸಾಕು. ಸಾಧ್ಯವಾದರೆ ಒಮ್ಮೆ ವೈದ್ಯರ ಹತ್ತಿರ ಜೊತೆಗೆ ಕರೆದುಕೊಂಡು ಹೋಗಿ. ನಾವು ಹೇಳಿದರೆ ಕೇಳದವರು ಡಾಕ್ಟರ್ ಬಾಯಲ್ಲಿ ಬಂದರೆ ಕೇಳುತ್ತಾರೆ.

ಹಂತ 8: ಮುಂದುವರಿಯುವುದೋ ಬಿಡುವುದೋ

ಮೊದಲ ಎರಡು ವಾರದಲ್ಲಿ, ಸೋಮವಾರ ಬೆಳಿಗ್ಗೆ, ರಾತ್ರಿ ಹನ್ನೊಂದರ ಮೇಲೆ ಈ ತೀರ್ಮಾನ ಮಾಡಬೇಡಿ. ಮೂರು ತಿಂಗಳ ಆಚೆಗೆ ಒಂದು ತಾರೀಖು ಗುರುತು ಹಾಕಿ, ಆ ದಿನ ಕೂತು ನೋಡಿ: ನಿದ್ದೆ ಹೇಗಿದೆ, ಪಿಎಚ್‌ಕ್ಯೂ-9ರ ಅಂಕ ಇಳಿದಿದೆಯಾ, ತಪ್ಪು ಕಡಿಮೆಯಾಗಿದೆಯಾ, ಕೈಯಲ್ಲಿ ಸ್ವಲ್ಪ ದುಡ್ಡು ನಿಂತಿದೆಯಾ. ಕೆಲಸ ಬೇಜಾರು ಅನ್ನುವುದೊಂದೇ ಕಾರಣವಾದರೆ, ಬೇರೆ ಕೆಲಸ ಕೈಗೆ ಸಿಗುವ ತನಕ ಇದನ್ನು ಬಿಡದಿರುವುದು ಒಳ್ಳೆಯದು. ಗೊತ್ತಾದ ಹೊತ್ತಿಗೆ ಏಳುವುದು, ನಾಲ್ಕು ಜನರ ಮುಖ ನೋಡುವುದು, ತಿಂಗಳ ಕೊನೆಗೆ ಸಂಬಳ ಬರುವುದು ಗುಣವಾಗುತ್ತಿರುವವರಿಗೆ ಸಣ್ಣ ಆಸರೆ ಅಲ್ಲ.

ಮೂರು ತಿಂಗಳು ಕಾಯಬಾರದ ಸಂದರ್ಭಗಳೂ ಇವೆ. ಸಂಬಳ ಕೊಡದಿದ್ದರೆ, ಎಲ್ಲರ ಮುಂದೆ ಅವಮಾನ ಮಾಡುತ್ತಿದ್ದರೆ, ಆಸ್ಪತ್ರೆಗೂ ರಜೆ ಕೊಡದಿದ್ದರೆ, ಶಿಫ್ಟ್‌ನಿಂದ ನಿದ್ದೆಯೇ ಇಲ್ಲವಾಗಿದ್ದರೆ, ಸಾಯುವ ಯೋಚನೆ ಜಾಸ್ತಿಯಾಗುತ್ತಿದ್ದರೆ ಕೆಲಸಕ್ಕಿಂತ ನೀವು ಮುಖ್ಯ. ಮೊದಲು ವೈದ್ಯರನ್ನು ಕಂಡು ರಜೆಗೆ ಬರೆಸಿಕೊಳ್ಳಿ, ರಾಜೀನಾಮೆ ಆಮೇಲೆ ನೋಡಿಕೊಳ್ಳಬಹುದು. ಬಿಡುವುದಾದರೂ ಚಿಕಿತ್ಸೆ ಬಿಡಬೇಡಿ.

ಮುಂದಿನ ಫಾಲೋಅಪ್‌ಗೆ ಹೋಗುವಾಗ ಇಷ್ಟನ್ನು ಒಂದು ಪುಟದಲ್ಲಿ ಬರೆದುಕೊಂಡು ಹೋಗಿ: ದಿನಕ್ಕೆ ಎಷ್ಟು ಗಂಟೆ ನಿದ್ದೆ, ಮಾತ್ರೆ ಎಷ್ಟು ದಿನ ತಪ್ಪಿತು, ತೂಕಡಿಕೆ ಯಾವ ಹೊತ್ತಿಗೆ, ತಲೆ ತಿಳಿಯಾಗಿರುವುದು ಯಾವ ಹೊತ್ತಿಗೆ, ಕೆಲಸದಲ್ಲಿ ಯಾವ ಥರದ ತಪ್ಪು ಆಗುತ್ತಿದೆ. ವೈದ್ಯರ ಮುಂದೆ ಕೂತಾಗ ಏನೂ ನೆನಪಾಗುವುದಿಲ್ಲ. ಆ ಪುಟವನ್ನೇ ಅವರ ಕೈಗೆ ಕೊಡಿ.